ಬ್ರಿಟನ್ನಿನ ಡಬ್ಸ್ ತಿದ್ದುಪಡಿ: 3,000 ಮಕ್ಕಳ ಬೇಡಿಕೆ 480ಕ್ಕೆ ಇಳಿದದ್ದು ಹೇಗೆ?

ಕಾನೂನಿನಲ್ಲಿ ಸಂಖ್ಯೆಯನ್ನೇ ಬರೆಯಲಿಲ್ಲ, ಮುಖ್ಯ ಕಾರಣ ಅದೇ.

ಬ್ರಿಟನ್ ಸಂಸತ್ತಿನ ಮೇಲ್ಮನೆಯ ಸದಸ್ಯ ಲಾರ್ಡ್ ಆಲ್ಫ್ ಡಬ್ಸ್ 1939ರಲ್ಲಿ, ಆರು ವರ್ಷದ ಹುಡುಗನಾಗಿದ್ದಾಗ, ನಾಜಿಗಳಿಂದ ಪಾರಾಗಿ ಪ್ರಾಗ್‌ನಿಂದ ರೈಲಿನಲ್ಲಿ ಲಂಡನ್ನಿಗೆ ಬಂದವರು. ಯುರೋಪಿನಲ್ಲಿ ಅಪ್ಪ ಅಮ್ಮ ಜೊತೆಗಿಲ್ಲದೆ ಅಲೆಯುತ್ತಿದ್ದ 3,000 ನಿರಾಶ್ರಿತ ಮಕ್ಕಳನ್ನು ಬ್ರಿಟನ್ ಕರೆಸಿಕೊಳ್ಳಲಿ ಎಂದು 2016ರಲ್ಲಿ ವಲಸೆ ಮಸೂದೆಗೆ ತಿದ್ದುಪಡಿ ಮಂಡಿಸಿ ಪಟ್ಟು ಹಿಡಿದರು. ಕೆಳಮನೆ ಒಪ್ಪಲಿಲ್ಲ. ಕೊನೆಗೆ ಪಾಸಾದ ವಲಸೆ ಕಾಯ್ದೆಯ 67ನೇ ಸೆಕ್ಷನ್ನಿನಲ್ಲಿ ಇದ್ದದ್ದು ಇಷ್ಟೇ: ಸ್ಥಳೀಯ ಕೌನ್ಸಿಲ್‌ಗಳ ಜೊತೆ ಮಾತಾಡಿ ಸರ್ಕಾರವೇ ಸಂಖ್ಯೆ ನಿಗದಿ ಮಾಡಬೇಕು.

ಮಕ್ಕಳನ್ನು ನೋಡಿಕೊಳ್ಳುವುದು ಕೌನ್ಸಿಲ್‌ಗಳ ಕೆಲಸ. ಸುಮ್ನೆ ವೀಸಾ ಕೊಟ್ಟರೆ ಆಗಲ್ಲ. ಸಾಕುವ ಮನೆ ಬೇಕು, ಶಾಲೆಯಲ್ಲಿ ಸೀಟು ಬೇಕು, ರಾತ್ರಿ ಬೆಚ್ಚಿಬೀಳುವ ಮಗುವಿನ ಭಾಷೆ ಬಲ್ಲವರೂ ಬೇಕು. ಅಷ್ಟು ಜಾಗ ಇಲ್ಲ ಎಂದು ಸರ್ಕಾರ 2017ರ ಫೆಬ್ರವರಿಯಲ್ಲಿ 350ಕ್ಕೆ ನಿಲ್ಲಿಸಿತು. ಆಮೇಲೆ ನೋಡಿದರೆ 130 ಜಾಗ ಲೆಕ್ಕದಿಂದಲೇ ಬಿಟ್ಟುಹೋಗಿತ್ತು! ಒಂದೊಂದು ಜಾಗವೂ ಒಂದು ಮಗು, ಅಲ್ವಾ? ಹಾಗೆ 480 ಆಯಿತು. ಫ್ರಾನ್ಸ್, ಗ್ರೀಸ್, ಇಟಲಿಯಿಂದ ಅಷ್ಟು ಮಕ್ಕಳು ಬಂದು ಮುಗಿಯುವ ಹೊತ್ತಿಗೆ 2020 ಬಂದಿತ್ತು. ಕೌನ್ಸಿಲ್‌ಗಳಿಗೆ ಮೊದಲೇ ಸಾಕಷ್ಟು ಹಣ ಕೊಟ್ಟಿದ್ದರೆ ಇನ್ನೂ ಜಾಸ್ತಿ ಮನೆಗಳು ಸಿಗುತ್ತಿದ್ದವು ಎಂದು ನನಗನ್ನಿಸುತ್ತದೆ.