ಸ್ಕ್ರೂ, ಮೊಳೆ ಇಲ್ಲದೆ ಕೈಯಿಂದಲೇ ಗಟ್ಟಿಮುಟ್ಟಾದ ಮರದ ಬೆಂಚು ಮಾಡುವುದು ಹೇಗೆ?

ಕಳಚಿದ ಹಳೆಯ ಮನೆಯ ಸಾಗುವಾನಿ ತೊಲೆ, ಹಲಗೆಗಳು ನಿಮ್ಮ ಬಳಿ ಇವೆ, ಅವುಗಳಿಂದ ಮೂವರು ಕೂರುವಂಥ ಐದಡಿ ಉದ್ದದ ಬೆಂಚನ್ನು ಕೈಯುಪಕರಣಗಳಿಂದಲೇ ಮಾಡಬೇಕು, ಕಬ್ಬಿಣ ಸೋಕಬಾರದು, ವರ್ಷಗಳು ಕಳೆದರೂ ಅಲುಗಾಡಬಾರದು, ಇದಕ್ಕೆ ಯಾವ ಜೋಡಣೆ ಸರಿ ಎಂದು ಕೇಳಿದ್ದೀರಿ. ನಾನು ವೃತ್ತಿಯಿಂದ ಬಡಗಿಯಲ್ಲ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಜಗಲಿಗೆ ಇಂಥ ಎರಡು ಬೆಂಚುಗಳನ್ನು ಮಾಡಿದ್ದೇನೆ. ಮೊದಲನೆಯದು ಎರಡನೇ ಬೇಸಿಗೆಯಲ್ಲಿ ಸೀಳಿತು, ಎರಡನೆಯದು ಆರು ಮಳೆಗಾಲ ಕಂಡು ಗಟ್ಟಿಯಾಗಿ ನಿಂತಿದೆ. ಸೀಳಿದ ಕಾರಣವನ್ನೇ ಮೊದಲು ಹೇಳುತ್ತೇನೆ, ಏಕೆಂದರೆ ಜೋಡಣೆಯ ಆಯ್ಕೆ ಅದರ ಮೇಲೆಯೇ ನಿಂತಿದೆ.

ಮೊದಲ ಬೆಂಚಿನಲ್ಲಿ ನಾಲ್ಕು ಕಾಲುಗಳ ತುದಿಯನ್ನೂ ಕೂರುವ ಹಲಗೆಯಲ್ಲಿ ಆರಪಾರ ಹಾಯಿಸಿ ಬೆಣೆ ಹೊಡೆದಿದ್ದೆ. ಕೆಳಗೆ ಮುಂದಿನ ಕಾಲನ್ನೂ ಹಿಂದಿನ ಕಾಲನ್ನೂ ಅಡ್ಡಪಟ್ಟಿಯಿಂದ ಬಿಗಿದಿದ್ದೆ. ನೋಡುವುದಕ್ಕೆ ಬಹಳ ಗಟ್ಟಿ. ಆದರೆ ಮರವು ಉದ್ದದಲ್ಲಿ ಬದಲಾಗುವುದು ಲೆಕ್ಕಕ್ಕೇ ಬಾರದಷ್ಟು ಕಡಿಮೆ, ಅಗಲದಲ್ಲಿ ಮಾತ್ರ ಮಳೆಗಾಲಕ್ಕೆ ಹಿಗ್ಗಿ ಬೇಸಿಗೆಗೆ ಕುಗ್ಗುತ್ತದೆ. ಸಾಗುವಾನಿ ಈ ವಿಷಯದಲ್ಲಿ ಬಹಳ ಸೌಮ್ಯವಾದ ಮರ. ಆದರೂ ಒಂದಡಿ ಅಗಲದ ಹಲಗೆ ನಮ್ಮ ಮಲೆನಾಡಿನ ಜುಲೈಗೂ ಏಪ್ರಿಲ್‌ಗೂ ನಡುವೆ ಮೂರ್ನಾಲ್ಕು ಮಿಲಿಮೀಟರ್ ವ್ಯತ್ಯಾಸ ತೋರಿಸಬಲ್ಲದು. ಹಲಗೆ ಕುಗ್ಗಲು ಹೊರಟಿತು, ಅಡ್ಡಪಟ್ಟಿ ಕಾಲುಗಳನ್ನು ಹತ್ತಿರ ಬರಲು ಬಿಡಲಿಲ್ಲ, ಹಲಗೆಯ ನಡುವೆ ಗೇಣುದ್ದದ ಬಿರುಕು ಬಿಟ್ಟಿತು. ಬಿಗಿ ಹೆಚ್ಚಾದಷ್ಟೂ ಬಾಳಿಕೆ ಹೆಚ್ಚು ಎಂದು ನಾನು ನಂಬಿದ್ದೇ ತಪ್ಪಾಗಿತ್ತು.

ಆದ್ದರಿಂದ ನಿಮಗೆ ನನ್ನ ಸಲಹೆ ಇದು: ಕಾಲುಗಳನ್ನು ಹಲಗೆಗೆ ನೇರವಾಗಿ ಸೇರಿಸಬೇಡಿ. ಎರಡು ಕಾಲು, ಮೇಲೊಂದು ಅಡ್ಡಪಟ್ಟಿ, ಕೆಳಗೊಂದು ಅಡ್ಡಪಟ್ಟಿ ಸೇರಿಸಿ ಒಂದೊಂದು ತುದಿಗೆ ಒಂದೊಂದು ಚೌಕಟ್ಟು ಮಾಡಿ, ಮೇಲಿನ ಪಟ್ಟಿಯನ್ನು ಹಲಗೆಯ ತಳದಲ್ಲಿ ಅಡ್ಡಲಾಗಿ ತೋಡಿದ ಡವ್‌ಟೇಲ್ ಗಾಡಿಯೊಳಗೆ, ಅಂದರೆ ಪಾರಿವಾಳದ ಬಾಲದಂತೆ ಗೋಡೆಗಳು ಓರೆಯಾಗಿರುವ ಉದ್ದನೆಯ ತೋಡಿನೊಳಗೆ, ಪಕ್ಕದಿಂದ ತೂರಿಸಿ. ಗಾಡಿಯ ಬಾಯಿ ಕಿರಿದು, ತಳ ಅಗಲವಾದ್ದರಿಂದ ಹಲಗೆ ಮೇಲೇಳಲಾರದು, ಸೊಟ್ಟಗಾಗದು, ಆದರೆ ಪಟ್ಟಿಯ ಮೇಲೆ ಜಾರುತ್ತಾ ತನ್ನ ಪಾಡಿಗೆ ಹಿಗ್ಗಬಹುದು, ಕುಗ್ಗಬಹುದು. ಅಂಟು ಹಾಕಬಾರದು, ಪಟ್ಟಿಯ ಸರಿಯಾಗಿ ನಡುವೆ, ಕೆಳಗಿನಿಂದ, ಒಂದೇ ಒಂದು ಬಿದಿರಿನ ಮೊಳೆ ಸಾಕು.

ಇಡೀ ಬೆಂಚಿನಲ್ಲಿ ಕಷ್ಟದ ಕೆಲಸವೆಂದರೆ ಈ ಗಾಡಿ ತೋಡುವುದೇ. ನನ್ನ ಹಲಗೆ ಒಂದೂಮುಕ್ಕಾಲು ಇಂಚು ದಪ್ಪವಿತ್ತು, ಗಾಡಿಯ ಆಳ 15 ಮಿಲಿಮೀಟರ್, ಅಂದರೆ ದಪ್ಪದ ಮೂರನೆಯ ಒಂದು ಭಾಗ. ಎರಡೂ ಗೋಡೆಗಳ ಓರೆ 1ಕ್ಕೆ 7ರಂತೆ ಇಟ್ಟೆ. ಅದೇ ಓರೆಗೆ ಉಜ್ಜಿದ ಮರದ ತುಂಡೊಂದನ್ನು ಗೆರೆಯ ಮೇಲೆ ಬಿಗಿದು, ಗರಗಸದ ಅಲಗನ್ನು ಅದಕ್ಕೊತ್ತಿ ಕೊಯ್ದರೆ ಓರೆ ತಪ್ಪುವುದಿಲ್ಲ. ನಡುವಿನ ಮರವನ್ನು ಉಳಿಯಿಂದ ತೆಗೆದು, ತಳವನ್ನು ಮಟ್ಟ ಮಾಡಿ. ಗಾಡಿ, ಅದರೊಳಗೆ ಕೂರುವ ಪಟ್ಟಿಯ ಮೇಲಂಚು ಎರಡೂ ಒಂದು ತುದಿಯಿಂದ ಇನ್ನೊಂದು ತುದಿಗೆ ಮೂರು ಮಿಲಿಮೀಟರಿನಷ್ಟು ಕಿರಿದಾಗುತ್ತಾ ಹೋಗಲಿ. ಹಾಗಿದ್ದರೆ ಪಟ್ಟಿ ಸಲೀಸಾಗಿ ಒಳಗೆ ಹೋಗಿ ಕೊನೆಯ ಎರಡಿಂಚಿನಲ್ಲಿ ಮಾತ್ರ ಬಿಗಿಯುತ್ತದೆ. ಎರಡು ಗಾಡಿಗಳೂ ಒಂದೇ ಕಡೆಗೆ ಕಿರಿದಾಗಬೇಕೆಂಬುದನ್ನು ಮರೆಯಬೇಡಿ, ಏಕೆಂದರೆ ಕೊನೆಯಲ್ಲಿ ಎರಡೂ ಚೌಕಟ್ಟುಗಳ ಮೇಲೆ ಹಲಗೆಯನ್ನು ಒಟ್ಟಿಗೇ ತಳ್ಳಬೇಕಾಗುತ್ತದೆ.

ಚೌಕಟ್ಟಿಗೆ ಕುಳಿ ಮತ್ತು ನಾಲಗೆಯ ಜೋಡಣೆ, ಅಂದರೆ ಮಾರ್ಟೈಸ್ ಮತ್ತು ಟೆನನ್: ಒಂದು ಮರದಲ್ಲಿ ಕೊರೆದ ಕುಳಿಯೊಳಗೆ ಇನ್ನೊಂದರ ತುದಿಯನ್ನು ನಾಲಗೆಯಂತೆ ತೆಳುಮಾಡಿ ಕೂರಿಸುವುದು. ಎರಡೂಕಾಲು ಇಂಚು ಚೌಕದ ಕಾಲಿಗೆ ಮುಕ್ಕಾಲು ಇಂಚಿನ ಕುಳಿ ಹೊಂದುತ್ತದೆ. ಅಳತೆಯನ್ನು ಟೇಪಿನಿಂದ ತೆಗೆದುಕೊಳ್ಳದೆ, ಮಾರ್ಕಿಂಗ್ ಗೇಜನ್ನು (ಮರದ ಮೇಲೆ ಅಂಚಿಗೆ ಸಮನಾಗಿ ಗೀರು ಹಾಕುವ ಉಪಕರಣ) ನಿಮ್ಮ ಉಳಿಯ ಅಗಲಕ್ಕೇ ಹೊಂದಿಸಿ. ಪೆನ್ಸಿಲ್ ಗೆರೆಗೆ ದಪ್ಪವಿದೆ, ಚಾಕುವಿನ ಗೀರಿಗೆ ಇಲ್ಲ. ಉಳಿಯ ಬಾಯಿ ಆ ಗೀರಿನಲ್ಲಿ ತಾನಾಗಿ ಕೂರುತ್ತದೆ. ಮೊದಲು ಕುಳಿ ಕೊರೆಯಿರಿ, ಆಮೇಲೆ ಅದಕ್ಕೆ ನಾಲಗೆಯನ್ನು ಹೊಂದಿಸಿ. ಸಾಗುವಾನಿಯಲ್ಲಿ ಸಿಲಿಕಾ ಇರುವುದರಿಂದ ಉಳಿ ಬೇಗ ಮೊಂಡಾಗುತ್ತದೆ, ಹಾಗಾಗಿ ಒಂದೊಂದು ಕುಳಿ ಮುಗಿದಾಗಲೂ ನಾನು ಸಾಣೆಕಲ್ಲಿಗೆ ಹೋಗುತ್ತಿದ್ದೆ. ನಾಲಗೆ ಕೈಯಿಂದ ಅರ್ಧ ಹೋಗಿ, ಉಳಿದರ್ಧಕ್ಕೆ ಕೊಡತಿಯ ಮೆದು ಏಟು ಬೇಡುವಂತಿರಬೇಕು. ಸಡಿಲವಾದರೆ ತೆಳುವಾದ ಮರದ ಪದರವನ್ನು ನಾಲಗೆಯ ಪಕ್ಕಕ್ಕೆ ಅಂಟಿಸಿ ಮತ್ತೆ ಹೊಂದಿಸಬಹುದು. ಆದರೆ ನಾಲಗೆಯ ಬುಡದ ಹೆಗಲು, ಅಂದರೆ ಪಟ್ಟಿ ತೆಳುವಾಗಿ ನಾಲಗೆ ಶುರುವಾಗುವ ಕಡೆಯ ಮೆಟ್ಟಿಲಿನಂಥ ಅಂಚು, ಸುತ್ತಲೂ ಕೂದಲೆಳೆ ತೂರದಂತೆ ಕಾಲಿಗೆ ಕೂರಲೇಬೇಕು. ಬೆಂಚು ಅತ್ತಿತ್ತ ಓಲಾಡದಂತೆ ತಡೆಯುವುದು ನಾಲಗೆಗಿಂತ ಹೆಚ್ಚಾಗಿ ಈ ಹೆಗಲು.

ಹೆಗಲನ್ನು ಬಿಗಿಯಾಗಿ ಎಳೆದಿಡಲು ಬಿದಿರಿನ ಮೊಳೆಯಷ್ಟು ನಂಬಿಕೆಯದು ಬೇರೆಯಿಲ್ಲ. ಕಾಲಿನಲ್ಲಿ 10 ಮಿಲಿಮೀಟರ್ ತೂತು ಕೊರೆದು, ನಾಲಗೆಯನ್ನು ಒಳಗಿಟ್ಟು ಅದರ ಮೇಲೆ ತೂತಿನ ನಡುವನ್ನು ಗುರುತಿಸಿ, ನಾಲಗೆಯನ್ನು ಹೊರತೆಗೆದು, ಆ ಗುರುತಿಗಿಂತ ಒಂದು ಮಿಲಿಮೀಟರಿನಷ್ಟು ಹೆಗಲಿನ ಕಡೆಗೆ ಸರಿಸಿ ನಾಲಗೆಯಲ್ಲಿ ತೂತು ಕೊರೆಯಿರಿ. ತುದಿ ಚೂಪು ಮಾಡಿದ ಮೊಳೆ ಹೊಡೆದಾಗ ಎರಡು ತೂತುಗಳು ಸಾಲಿಗೆ ಬರಲು ಹೆಣಗುತ್ತಾ ಹೆಗಲನ್ನು ಕಾಲಿಗೆ ಎಳೆಯುತ್ತವೆ. ಏಟಿನ ಸದ್ದು ಟೊಳ್ಳಿನಿಂದ ಗಟ್ಟಿಗೆ ತಿರುಗುವುದು ಕಿವಿಗೇ ತಿಳಿಯುತ್ತದೆ. ಸರಿಸುವ ದಿಕ್ಕು ತಪ್ಪಿದರೆ ಮೊಳೆಯೇ ಜೋಡಣೆಯನ್ನು ಬಿಚ್ಚುತ್ತದೆ, ಆದ್ದರಿಂದ ಕೊರೆಯುವ ಮುನ್ನ ಎರಡು ಸಲ ನೋಡಿ. ಬಲಿತ ಒಣ ಬಿದಿರಿನ ಹೊರಮೈ ಭಾಗವನ್ನು ಸೀಳಿ ಮೊಳೆ ಮಾಡಬೇಕು, ಕೊಯ್ಯಬಾರದು. ಸೀಳಿದಾಗ ನಾರು ತುದಿಯಿಂದ ತುದಿಗೆ ಅಖಂಡವಾಗಿರುತ್ತದೆ.

ಕಾಲಿನ ಮೇಲ್ತುದಿಯನ್ನು ಮೇಲಿನ ಪಟ್ಟಿಯಲ್ಲಿ ಆರಪಾರ ಹಾಯಿಸಿ, ನಾಲಗೆಯಲ್ಲಿ ಗರಗಸದ ಸೀಳು ಹಾಕಿ ಬೆಣೆ ಹೊಡೆಯಿರಿ. ಬೆಣೆ ಪಟ್ಟಿಯ ನಾರಿಗೆ ಅಡ್ಡಲಾಗಿ ಇರಬೇಕು. ನಾರಿನ ಜೊತೆಗೆ ಹೊಡೆದರೆ ಪಟ್ಟಿಯೇ ಸೀಳುತ್ತದೆ. ಕೆಳಗಿನ ಎರಡು ಪಟ್ಟಿಗಳನ್ನು ಉದ್ದಪಟ್ಟಿಯೊಂದು ಕೂಡಿಸಲಿ, ಅದರ ತುದಿಗಳು ಆಚೆ ಬಂದು ಕಾಣುವ ಬೆಣೆಯಿಂದ ಬಿಗಿಯಲಿ. ಮುಂದೆ ಎಂದಾದರೂ ಸಡಿಲವಾಯಿತು ಎನಿಸಿದರೆ ಆ ಬೆಣೆಗೆ ಒಂದು ಏಟು ಸಾಕು.

ಕೆಲಸ ಶುರುಮಾಡುವ ಮೊದಲು ಹಳೆಯ ತೊಲೆಗಳ ಮೇಲೆಲ್ಲ ಅಯಸ್ಕಾಂತ ಆಡಿಸಿ. ಒಳಗೆ ಮುರಿದು ಉಳಿದ ಒಂದೇ ಮೊಳೆ ಉಜ್ಜುಗೊರಡಿನ ಅಲಗನ್ನು ಹಾಳುಮಾಡುತ್ತದೆ. ಚೇಗಿನ, ಅಂದರೆ ಮರದ ಒಳಗಿನ ಗಟ್ಟಿ ಭಾಗವನ್ನೇ ಬಳಸಿ, ಅಂಚಿನ ಬಿಳಿ ಭಾಗ ಹುಳ ಹಿಡಿಯುತ್ತದೆ. ಎಲ್ಲ ಜೋಡಿಸಿದ ಮೇಲೆ ಬೆಂಚನ್ನು ಸಮನೆಲದಲ್ಲಿಟ್ಟು, ಕುಣಿಯುವ ಕಾಲಿನಡಿ ಚಕ್ಕೆ ಕೊಟ್ಟು, ಒಂದೇ ದಪ್ಪದ ಮರದ ತುಂಡಿನ ಮೇಲೆ ಪೆನ್ಸಿಲ್ ಇಟ್ಟು ನಾಲ್ಕೂ ಕಾಲಿಗೆ ಸುತ್ತ ಗೆರೆ ಎಳೆದು ಕೊಯ್ಯಿರಿ. ಕಾಲಿನ ತಳದ ಅಂಚುಗಳನ್ನು ಸ್ವಲ್ಪ ಸವರಿದರೆ ಎಳೆದಾಡುವಾಗ ಸಿಬಿರೇಳುವುದಿಲ್ಲ. ಕೊನೆಗೆ ಅಗಸೆ ಎಣ್ಣೆಯನ್ನು ತೆಳುವಾಗಿ ಎರಡು ಮೂರು ಸಲ ಸವರಿ, ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯದೆ ಬಯಲಲ್ಲಿ ಹರಡಿ ಒಣಗಿಸಿ. ಆ ಎಣ್ಣೆ ಒಣಗುವಾಗ ಬಿಸಿಯೇರಿ ಬಟ್ಟೆಯ ಮುದ್ದೆ ತಾನಾಗಿಯೇ ಹೊತ್ತಿಕೊಳ್ಳುವುದುಂಟು.