ಗೆಸ್ಟು ನಗಲಿಲ್ಲ ಅಂದ್ರೆ ಸಿಟ್ಟು ಅಂತಲ್ಲ

ಓದುಗರ ಪ್ರಶ್ನೆ, ಅಕ್ಕನ ಉತ್ತರ
(ಗೋವಾದ ಕ್ಯಾಂಡೋಲಿಮ್‌ನಲ್ಲಿ ಪ್ರವಾಸಿಗರಿಗೆ ರೂಮು ಬಾಡಿಗೆ ಕೊಡುವ ಧಾರವಾಡದ ಅಕ್ಕ ಉತ್ತರಿಸುತ್ತಾರೆ.)

ಪ್ರಶ್ನೆ: ಅಕ್ಕಾ, ನಾನು ಗದಗ ಕಡೆಯವಳು. ಮೋರ್ಜಿಯ ಒಂದು ಹೋಟೆಲ್ ರಿಸೆಪ್ಷನ್‌ನಲ್ಲಿ ಕೆಲಸ. ರಷ್ಯಾದ ಗೆಸ್ಟುಗಳಿಗೆ ಎಷ್ಟೇ ನಕ್ಕು ಗುಡ್ ಮಾರ್ನಿಂಗ್ ಹೇಳಿದರೂ ಅವರ ಮುಖ ಗಂಟೇ. ಇಂಗ್ಲೆಂಡಿನವರು ಮಾತಿಗೊಂದು ಥ್ಯಾಂಕ್ಯೂ ಅಂತಾರೆ. ಆದರೆ ‘ಬಿಸಿನೀರಿಲ್ಲ, ಸ್ಟಾಫ್ ಸುಳ್ಳು ಹೇಳ್ತಾರೆ’ ಅಂತ ರಿವ್ಯೂ ಬರೆದವರು ಇಂಗ್ಲೆಂಡಿನವರೇ! ರಷ್ಯಾದವರು ಹೋಗುವಾಗ ಚಾಕಲೇಟ್ ಡಬ್ಬಿ ಕೊಟ್ಟು ಹೋದರು. ಯಾರನ್ನು ಹೇಗೆ ಅಂತ ತಿಳ್ಕೊಳ್ಳೋದು?

ಉತ್ತರ: ತಂಗಿ, ಮೊದಲು ರಷ್ಯಾದವರ ವಿಷಯ. ಗುರುತಿಲ್ಲದವರನ್ನು ನೋಡಿ ನಗುವ ರೂಢಿ ಅವರಲ್ಲಿ ಕಮ್ಮಿ. ಕಾರಣ ಇಲ್ಲದೆ ನಗೋದು ದಡ್ಡರ ಲಕ್ಷಣ ಅಂತ ಅಲ್ಲಿ ಗಾದೆಯೇ ಇದೆ. ಇದೇನು ನಮಗೆ ಹೊಸದಾ? ಗದಗದ ಬಸ್‌ಸ್ಟ್ಯಾಂಡಿನಲ್ಲಿ ಗುರುತಿಲ್ಲದ ಯಾರೋ ನಿನ್ನನ್ನು ನೋಡಿ ಹಲ್ಲು ಬಿಟ್ಟರೆ ನೀನೂ ನಗ್ತೀಯಾ? ‘ಯಾಕ್ರೀ, ಏನಾಗೇತಿ?’ ಅಂತ ಕೇಳ್ತೀಯ. ಕೌಂಟರಿನ ಹಿಂದೆ ನಿಂತು ನಗುವುದನ್ನು ನಿನಗೆ ಹೋಟೆಲಿನವರು ಕಲಿಸಿದ್ದಾರೆ, ಸಂಬಳಕ್ಕೆ ನಗ್ತೀಯ. ಗೆಸ್ಟಿಗೆ ಅದನ್ನು ಯಾರೂ ಕಲಿಸಿಲ್ಲ. ಅದರ ಮೇಲೆ ಚಾರ್ಟರ್ ವಿಮಾನದಲ್ಲಿ ರಾತ್ರಿಯೆಲ್ಲ ನಿದ್ದೆಗೆಟ್ಟು ಬಂದಿರ್ತಾರೆ. ನಿನಗೆ ಗಂಟು ಅಂತ ಕಂಡದ್ದು ಅವರ ಮಾಮೂಲಿ ಮುಖ.

ಇಂಗ್ಲೆಂಡಿನವರದ್ದು ಇದಕ್ಕಿಂತ ಕಷ್ಟ. ನನ್ನಲ್ಲಿ ನಡೆದದ್ದು ಹೇಳ್ತೀನಿ. ವಯಸ್ಸಾದ ಗಂಡ-ಹೆಂಡತಿ ಬಂದಿದ್ದರು. ಬೆಳಿಗ್ಗೆ ಆ ಯಜಮಾನರು ಬಾಗಿಲಿನಿಂದ ತಲೆ ಹೊರಗೆ ಹಾಕಿ, ತೊಂದರೆ ಕೊಟ್ಟೆ, ಬೇಜಾರಾಗಬೇಡ, ನೀರು ಯಾಕೋ ಸ್ವಲ್ಪ ತಣ್ಣಗಿರುವ ಹಾಗಿದೆ ಅಂದರು. ನಮ್ಮ ರೂಮ್ ಬಾಯ್‌ಗೆ ಕೇಳಿಸಿದ್ದು ‘ಸ್ವಲ್ಪ’ ಅಷ್ಟೇ. ಅವಸರ ಇಲ್ಲ ಅಂದುಕೊಂಡ. ಕತ್ತು ಆಚೆ-ಈಚೆ ಆಡಿಸಿ ‘ನೋಡ್ತೀನಿ ಸರ್’ ಅಂದ. ನಿಜ ಏನಂದ್ರೆ ಗೀಸರಿನ ಕಾಯಿಲ್ ಸುಟ್ಟುಹೋಗಿತ್ತು. ಎಲೆಕ್ಟ್ರಿಷಿಯನ್ ಮರುದಿನವೇ ಬರೋದು. ಅದು ಹುಡುಗನಿಗೂ ಗೊತ್ತಿತ್ತು. ದೊಡ್ಡವರ ಮುಖಕ್ಕೆ ಹೊಡೆದ ಹಾಗೆ ‘ಆಗಲ್ಲ’ ಅನ್ನೋಕೆ ಅವನಿಗೆ ಬಾಯಿ ಬರಲಿಲ್ಲ. ಇವರೋ ಟವೆಲ್ ಸುತ್ತಿಕೊಂಡು ಕಾಯುತ್ತಾ ಕೂತರು, ಅರ್ಧ ಗಂಟೆ. ಅವರೂ ಮರ್ಯಾದೆಯಿಂದಲೇ ದೂರಿದ್ದು, ಇವನೂ ಮರ್ಯಾದೆಯಿಂದಲೇ ಇಲ್ಲ ಅಂದದ್ದು. ಇಬ್ಬರಿಗೂ ಎದುರಿನವರ ಮರ್ಯಾದೆ ಕಾಣಲೇ ಇಲ್ಲ. ಅವರಿಗೆ ಇವನು ಸುಳ್ಳ, ಇವನಿಗೆ ಅವರು ಎದುರಿಗೆ ಸಿಹಿ, ಹಿಂದಿನಿಂದ ಕಹಿ.

ಅದಕ್ಕೇ ನಿನಗೆ ಹೇಳೋದು, ಇಂಗ್ಲೆಂಡಿನವರು ‘ಸ್ವಲ್ಪ’ ಅಂದರೆ ಜಾಸ್ತಿಯೇ ಅಂತ ತಿಳಿ. ಉತ್ತರ ಕೊಡುವಾಗ ಗಂಟೆ ಹೇಳು. ‘ಇವತ್ತು ಆಗಲ್ಲ, ನಾಳೆ ಹತ್ತಕ್ಕೆ ರಿಪೇರಿ, ಅಲ್ಲೀವರೆಗೆ ಬಕೆಟ್‌ನಲ್ಲಿ ಬಿಸಿನೀರು ಕಳಿಸ್ತೀನಿ.’ ಇಲ್ಲ ಅಂದಿದ್ದಕ್ಕೆ ನನಗೆ ಯಾರೂ ಕೆಟ್ಟ ರಿವ್ಯೂ ಬರೆದಿಲ್ಲ.

ಇನ್ನೊಂದು ವಿಷಯ. ಅಮೆರಿಕದ ಮನಶ್ಶಾಸ್ತ್ರಜ್ಞೆ ಜೋನ್ ಮಿಲ್ಲರ್ 1984ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಶಿಕಾಗೋದವರನ್ನೂ ನಮ್ಮ ಮೈಸೂರಿನವರನ್ನೂ ಕೂರಿಸಿ, ಪರಿಚಯದವರು ಮಾಡಿದ ಒಳ್ಳೆಯದು ಕೆಟ್ಟದ್ದು ಹೇಳಿಸಿ, ಅವರು ಯಾಕೆ ಹಾಗೆ ಮಾಡಿದರು ಅಂತ ಕೇಳಿದರು. ಅಮೆರಿಕದ ದೊಡ್ಡವರು ಜಾಸ್ತಿ ಹೇಳಿದ್ದು ‘ಅವನ ಗುಣವೇ ಹಾಗೆ’ ಅಂತ. ಮೈಸೂರಿನವರು ಜಾಸ್ತಿ ಹೇಳಿದ್ದು ‘ಅವತ್ತಿನ ಪರಿಸ್ಥಿತಿ ಹಾಗಿತ್ತು’ ಅಂತ. ಚಿಕ್ಕ ಮಕ್ಕಳಲ್ಲಿ ಈ ವ್ಯತ್ಯಾಸ ಅಷ್ಟಾಗಿ ಇರಲಿಲ್ಲ, ಬೆಳೆಯುತ್ತಾ ಬೆಳೆಯುತ್ತಾ ಬಂದದ್ದು. ಓದಿ ನನಗೆ ನಗು ಬಂತು. ಸೋದರಮಾವ ಮದುವೆಗೆ ಬರಲಿಲ್ಲ ಅಂದ್ರೆ ನಾವೇ ಅವನ ಪರವಾಗಿ ಹತ್ತು ಕಾರಣ ಹುಡುಕ್ತೀವಿ. ಮಳೆ ಇತ್ತೋ ಏನೋ, ಎಮ್ಮೆ ಈದಿತ್ತೋ ಏನೋ. ಗೆಸ್ಟು ನಗದಿದ್ದರೆ ಮಾತ್ರ ಒಂದೇ ತೀರ್ಪು, ‘ಸೊಕ್ಕು’. ಮಾವನಿಗೆ ಕೊಡುವ ರಿಯಾಯಿತಿಯಲ್ಲಿ ಅರ್ಧ ರಷ್ಯಾದವರಿಗೂ ಕೊಡು.

ಪ್ರಶ್ನೆ: ಅಕ್ಕಾರ, ನಾನು ಬಾಗಾ ಬೀಚಿನ ಗುಡಿಸಲು ಹೋಟೆಲಿನಲ್ಲಿ, ಅಂದ್ರ ಶ್ಯಾಕ್‌ನಲ್ಲಿ ವೇಟರ್, ವಿಜಯಪುರದವನು. ನಮ್ಮ ಕಡೆಯ ಹುಡುಗರು ಬಂದು, ಬಿಸಿಲಿಗೆ ಮಲಗಿದ್ದ ವಿದೇಶಿ ಹೆಂಗಸಿನ ಪಕ್ಕ ನಿಂತು ಸೆಲ್ಫಿ ತೆಗೆದರು. ಆಕೆ ಬೈದದ್ದು ನನಗೆ! ಹುಡುಗರು ‘ಹಂಗ್ ಬಟ್ಟಿ ಹಾಕ್ಕೊಂಡ್ ಮಲಗಿದ್ರ ನೋಡ್ಲಿ ಅಂತಲೇ ಅಲ್ಲೇನ’ ಅಂತ ನನ್ನ ಮೇಲೇ ಏರಿ ಬಂದರು.

ಉತ್ತರ: ತಮ್ಮಾ, ಆಕೆ ನಿನಗೆ ಬೈದದ್ದು ಯಾಕಂದ್ರೆ ಆ ಮಂಚ ನಿಮ್ಮ ಶ್ಯಾಕಿನದು. ಅಲ್ಲಿ ನೆಮ್ಮದಿಯಾಗಿ ಮಲಗಲು ಬಿಡುವುದು ನಿಮ್ಮ ಜವಾಬ್ದಾರಿ ಅಂತ ಆಕೆಯ ಲೆಕ್ಕ. ಹುಡುಗರ ಲೆಕ್ಕ ತಪ್ಪೇ. ವರ್ಷದಲ್ಲಿ ಎಷ್ಟೋ ತಿಂಗಳು ಸೂರ್ಯನ ಮುಖವೇ ಸರಿಯಾಗಿ ಕಾಣದ ಊರಿನಿಂದ ಬಂದವಳಿಗೆ ಬೇಕಾಗಿರೋದು ಬಿಸಿಲು. ಸಮುದ್ರದ ದಂಡೆಯಲ್ಲಿ ಆ ಬಟ್ಟೆ ಅವಳಿಗೆ ನಮ್ಮ ನೈಟಿ ಇದ್ದ ಹಾಗೆ, ಯಾರನ್ನೂ ಕರೆಯೋಕೆ ಅಲ್ಲ. ಅದೇ ಹೆಂಗಸು ಚಡ್ಡಿಯಲ್ಲಿ ಮಂಗೇಶಿ ದೇವಸ್ಥಾನಕ್ಕೆ ಹೋದರೆ ಬಾಗಿಲಲ್ಲಿ ತಡೀತಾರೆ, ಆಗ ಅವಳಿಗೂ ಯಾಕೆ ಅಂತ ಹೊಳೆಯಲ್ಲ.

ಅನುಮತಿ ಇಲ್ಲದೆ ಬೇರೆ ಪ್ರವಾಸಿಗರ ಫೋಟೋ, ಸೆಲ್ಫಿ ತೆಗೆಯಬೇಡಿ ಅಂತ 2023ರ ಜನವರಿಯಲ್ಲಿ ಗೋವಾ ಪ್ರವಾಸೋದ್ಯಮ ಇಲಾಖೆಯೇ ಸೂಚನೆ ಹೊರಡಿಸಿತ್ತು. ಬಿಸಿಲಿಗೆ ಮಲಗಿದವರ, ಈಜುವವರ ಫೋಟೋ ಅಂತ ಬಿಡಿಸಿಯೇ ಹೇಳಿತ್ತು. ಮುಂದಿನ ಸಲ ಹುಡುಗರಿಗೆ ಅದನ್ನೇ ಹೇಳು. ನಮ್ಮ ಭಾಷೆಯಲ್ಲೇ ಹೇಳು, ಕೇಳ್ತಾರೆ.

ಹಾಗಂತ ಬಿಳಿಯರೆಲ್ಲ ಕೇಳಿಯೇ ತೆಗೀತಾರೆ ಅಂದುಕೊಳ್ಳಬೇಡ. ಬುಧವಾರ ಅಂಜುನಾ ಸಂತೆಗೆ ಹೋಗಿ ನೋಡು. ಕನ್ನಡಿ ಕುಪ್ಪಸದ ನಮ್ಮ ಲಂಬಾಣಿ ಹೆಂಗಸರ ಮುಖಕ್ಕೇ ಕ್ಯಾಮೆರಾ ಹಿಡೀತಾರೆ. ಒಬ್ಬಾಕೆಯನ್ನು ನಾನು ನಿಂತು ನೋಡಿದ್ದೇನೆ. ಕ್ಯಾಮೆರಾ ಮೇಲೆ ಏಳುತ್ತಲೇ ಸೆರಗು ಮುಖಕ್ಕೆ ಎಳೆದುಕೊಂಡಳು, ಇನ್ನೊಂದು ಕೈಯಲ್ಲಿ ಮಣಿಸರ ಮುಂದೆ ಹಿಡಿದಳು. ಸರ ಕೊಂಡ ಮೇಲೆ ಸೆರಗು ಸರಿಯಿತು, ನಗುವೂ ಬಂತು. ಕೊಂಡವನು ತನ್ನ ಗೆಳೆಯನಿಗೆ ಏನೋ ಗೊಣಗಿದ, ದುಡ್ಡಿನಾಸೆ ಅಂತಲೇ ಇರಬೇಕು. ನನ್ನ ಕೇಳಿದರೆ ಅವಳದ್ದೇ ನ್ಯಾಯ. ದಾರ್ಯಾ ಮಾವೋಜ್ ಎಂಬ ಸಂಶೋಧಕಿ ಭಾರತಕ್ಕೆ ಬರುವ ಇಸ್ರೇಲಿ ಪ್ರವಾಸಿಗರ ಬಗ್ಗೆ 2006ರಲ್ಲಿ ಬರೆದದ್ದೂ ಹೆಚ್ಚುಕಮ್ಮಿ ಇದನ್ನೇ. ಪ್ರವಾಸಿಗರು ನಮ್ಮನ್ನು ನೋಡುವಾಗ ನಾವೂ ಅವರನ್ನು ಅಳೀತಿರ್ತೀವಿ, ಅವರು ಬಯಸಿದ್ದನ್ನೇ ತೋರಿಸ್ತೀವಿ. ಲಂಬಾಣಿ ಅಕ್ಕನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಪ್ರಶ್ನೆ: ದಾವಣಗೆರೆಯಿಂದ ಕುಟುಂಬ ಸಮೇತ ಗೋವಾಕ್ಕೆ ಬಂದಿದ್ದೆವು. ಪಣಜಿಯಲ್ಲಿ ಮಧ್ಯಾಹ್ನ ಅಂಗಡಿಯವರು ನಮ್ಮ ಮುಖದ ಮೇಲೇ ಶಟರ್ ಎಳೆದರು. ರೂಮಿನಲ್ಲಿ ಸಣ್ಣ ಒಲೆ ಹಚ್ಚಿ ಉಪ್ಪಿಟ್ಟು ಮಾಡ್ಕೊಳ್ಳಬಹುದಾ ಅಂತ ಕೇಳಿದ್ದಕ್ಕೆ ಮನೆಯೊಡತಿ ಕೆಂಡವಾದರು. ಗೋವಾದವರಿಗೆ ನಮ್ಮನ್ನು ಕಂಡರೆ ಆಗಲ್ವಾ?

ಉತ್ತರ: ಶಟರ್ ನಿಮಗಾಗಿ ಎಳೆದದ್ದಲ್ಲ ಸರ್. ಪಣಜಿ, ಮಡಗಾಂವ್‌ಗಳಲ್ಲಿ ಎಷ್ಟೋ ಅಂಗಡಿಗಳು ಒಂದರಿಂದ ಮೂರು, ನಾಲ್ಕರವರೆಗೆ ಮುಚ್ಚುತ್ತವೆ. ಊಟ, ಒಂದು ನಿದ್ದೆ. ಮಧ್ಯಾಹ್ನದ ಗಿರಾಕಿಗಿಂತ ನಿದ್ದೆ ದೊಡ್ಡದು ಅನ್ನೋದು ನಮಗೆ ಸೋಮಾರಿತನ ಅನಿಸಬಹುದು. ನಿದ್ದೆ ಹೊತ್ತಿನಲ್ಲಿ ಬಾಗಿಲು ಬಡಿಯೋದು ಅವರಿಗೆ ಒರಟುತನ ಅನಿಸುತ್ತೆ.

ಒಲೆಯ ಕಥೆ ಬೇರೆ. ಬಸ್ಸಿನಲ್ಲಿ ಸಿಲಿಂಡರ್, ದೊಡ್ಡ ಪಾತ್ರೆ ಹೇರಿಕೊಂಡು ಬಂದು ಬೀಚಿನ ಪಕ್ಕ ಅಡುಗೆ ಮಾಡಿ, ಎಂಜಲು ಅಲ್ಲೇ ಬಿಟ್ಟು ಹೋಗುವವರನ್ನು ಇಲ್ಲಿಯವರು ವರ್ಷಗಟ್ಟಲೆ ನೋಡಿದ್ದಾರೆ. 2019ರಲ್ಲಿ ಸರ್ಕಾರ ಕಾನೂನು ತಿದ್ದಿ, ಪ್ರವಾಸಿ ತಾಣಗಳ ಬಯಲಲ್ಲಿ ಕುಡಿಯೋದಕ್ಕೂ ಅಡುಗೆ ಮಾಡೋದಕ್ಕೂ ದಂಡ ಇಟ್ಟಿತು. ನಿಮ್ಮ ಉಪ್ಪಿಟ್ಟಿನಲ್ಲಿ ಆಕೆಗೆ ಆ ಬಸ್ಸುಗಳು ಕಂಡಿವೆ. ಮಕ್ಕಳಿಗೆ ಮೀನಿನ ವಾಸನೆ ಇಲ್ಲದ ತಿಂಡಿ ಬೇಕು ಅನ್ನೋ ನಿಮ್ಮ ಕಷ್ಟ ಆಕೆಗೆ ಗೊತ್ತೇ ಆಗಿಲ್ಲ. ಬುಕ್ ಮಾಡುವಾಗಲೇ ‘ನಾವು ಸಸ್ಯಾಹಾರಿಗಳು, ನಿಮ್ಮ ಅಡುಗೆಮನೆ ಬೆಳಿಗ್ಗೆ ಸಿಗುತ್ತಾ?’ ಅಂತ ಕೇಳಿ. ನಾನಂತೂ ಕೊಡ್ತೀನಿ. ಅಂದಹಾಗೆ, ನನ್ನ ಗೆಸ್ಟುಗಳು ‘ನೀವು ಗೋವಾದವರು ಹೀಗೆ’ ಅಂತ ನನಗೇ ಹೇಳ್ತಾರೆ, ಪಕ್ಕದ ಮನೆಯವರು ‘ನೀವು ಘಾಟಿಗಳು (ಅಂದ್ರೆ ಘಟ್ಟದ ಆಚೆಯವರು) ಹೀಗೆ’ ಅಂತಾರೆ. ನಾನು ಯಾರ ಪೈಕಿ ಅಂತ ನನಗೇ ಒಮ್ಮೊಮ್ಮೆ ಗೊಂದಲ.

ಪ್ರಶ್ನೆ: ವಿದೇಶಿ ಗೆಸ್ಟುಗಳಿಗೆ ಮದುವೆ ಆಗಿದೆಯಾ, ಸಂಬಳ ಎಷ್ಟು ಅಂತ ಕೇಳಿದರೆ ಮುಖ ಸಣ್ಣ ಮಾಡ್ತಾರೆ. ಪ್ರೀತಿಯಿಂದ ಕೇಳಿದರೂ ತಪ್ಪಾ? — ಕಲಂಗುಟ್‌ನಿಂದ ಒಬ್ಬರು

ಉತ್ತರ: ಸಂಬಳ ಬೇಡವೇ ಬೇಡ. ಮದುವೆ ವಿಷಯ ಅವರಾಗಿ ತೆಗೆದರೆ ಮಾತಾಡಿ. ಅಲ್ಲೀವರೆಗೆ ಅವರ ನಾಯಿ, ಅವರ ಊರಿನ ಮಳೆ ಕೇಳಿ. ಇಂಗ್ಲೆಂಡಿನವರಾದರೆ ಮಳೆಯೊಂದರಲ್ಲೇ ಚಹಾ ಮುಗಿಯುತ್ತೆ. ನಮ್ಮ ದೇಶದ ಕುಟುಂಬ ಬಂದರೆ ಈ ಚಿಂತೆಯೇ ಇಲ್ಲ. ಬ್ಯಾಗು ಇಳಿಸುವ ಮೊದಲೇ ಅವರು ನಿಮ್ಮ ಮಕ್ಕಳು, ಮನೆ ಬಾಡಿಗೆ, ಜಾತಿ ಎಲ್ಲ ಕೇಳಿ ಮುಗಿಸಿರ್ತಾರೆ.