ಬಾಣಂತಿ ಕೋಣೆಯೇ ಮದ್ದು

ಕುಮಟಾದ ನಿವೃತ್ತ ಅಕ್ಕೋರೊಬ್ಬರು ಎರಡು ಪುಟದ ಪತ್ರ ಬರೆದಿದ್ದಾರೆ. ಅವರ ಕೇರಿಯ ಹುಡುಗಿ ದುಡಿಯಲು ಪೇಟೆಗೆ ಹೋದವಳು, ನೋವಿನ ಮಾತ್ರೆಯ ಚಟಕ್ಕೆ ಬಿದ್ದು, ಬಸುರಿಯಾಗಿ ತವರಿಗೆ ಬಂದಳಂತೆ. ಮಗು ಹುಟ್ಟಿದ ಎರಡನೇ ದಿನದಿಂದಲೇ ನಡುಗುತ್ತಿತ್ತು, ಕೀರಲು ದನಿಯಲ್ಲಿ ಅಳುತ್ತಿತ್ತು. "ಇಂಥವಳ ಕೈಯಲ್ಲಿ ಮಗು ಬಿಡಬಹುದೇ? ಸರ್ಕಾರ ಕಿತ್ತುಕೊಂಡು ಸಾಕಬೇಕಲ್ಲವೇ?" ಎಂದು ಕೇಳಿದ್ದಾರೆ.

ನಿಮ್ಮ ಕಾಳಜಿ ಸರಿ, ಅಕ್ಕೋರೇ. ಮಗುವಿನ ಜೀವಕ್ಕೇ ಅಪಾಯ ಇರುವ ಮನೆಗಳೂ ಇವೆ, ಒಪ್ಪಿದೆ. ಆದರೆ ಆ ನಡುಕ ಮಗುವಿನ ಚಟ ಅಲ್ಲ. ತಾಯಿ ನುಂಗುತ್ತಿದ್ದ ಮಾತ್ರೆಯಿಂದ ಹೊಕ್ಕುಳಬಳ್ಳಿಯಲ್ಲಿ ಬರುತ್ತಿದ್ದ ಅಫೀಮಿನ ಜಾತಿಯ ಮದ್ದು ಹೆರಿಗೆಯೊಂದಿಗೆ ಥಟ್ಟನೆ ನಿಂತಿತು. ಅದಕ್ಕೆ ಮೈ ಒದ್ದಾಡುತ್ತದೆ. ವೈದ್ಯರ ಕಣ್ಣಳತೆಯಲ್ಲಿದ್ದರೆ ಹೆಚ್ಚಿನ ಮಕ್ಕಳು ಕೆಲವು ವಾರಗಳಲ್ಲಿ ಸುಧಾರಿಸುತ್ತವೆ.

ಇಂಥ ಮಕ್ಕಳ ಆರೈಕೆ ಹೇಗಿರಬೇಕೆಂದು ಅಮೆರಿಕದ 26 ಆಸ್ಪತ್ರೆಗಳಲ್ಲಿ ಒಂದು ಪ್ರಯೋಗ ನಡೆದು, 2023ರಲ್ಲಿ ಫಲಿತಾಂಶ ಬಂತು. ಹಳೆಯ ಕ್ರಮದಲ್ಲಿ ಸೀನು, ಆಕಳಿಕೆ, ನಡುಕಕ್ಕೆಲ್ಲ ಅಂಕ. ಅಂಕ ಏರಿದರೆ ಮಾರ್ಫಿನ್‌ನಂಥ ಔಷಧ. ಹೊಸದರಲ್ಲಿ ಮೂರೇ ಪ್ರಶ್ನೆ: ಮಗು ಹಾಲು ಕುಡಿಯಿತೇ, ಮಲಗಿತೇ, ಎತ್ತಿಕೊಂಡರೆ ಸಮಾಧಾನವಾಯಿತೇ? ಮಂದ ಬೆಳಕು, ಸದ್ದಿಲ್ಲದ ಕೋಣೆ, ತಾಯಿಯ ಮೈಬಿಸಿ. ಮನೆಗೆ ಹೋಗುವಷ್ಟು ಚೇತರಿಸಲು ಹಳೆಯದರಲ್ಲಿ ಸುಮಾರು 15 ದಿನ, ಹೊಸದರಲ್ಲಿ 8. ಔಷಧ ಬೇಕಾದದ್ದು ಅಲ್ಲಿ ನೂರಕ್ಕೆ 52 ಮಕ್ಕಳಿಗೆ, ಇಲ್ಲಿ 20ಕ್ಕೂ ಕಡಿಮೆ. ಇದು ನಮ್ಮ ಬಾಣಂತಿ ಕೋಣೆಯೇ ಅಲ್ವಾ? (ಹೊಗೆ ಒಂದು ಬೇಡ. ಅದನ್ನು ನಾನು ಸಮರ್ಥಿಸುವುದಿಲ್ಲ.) ನೀವು ಕಿತ್ತುಕೊಳ್ಳಿ ಎನ್ನುತ್ತಿರುವುದು ತಾಯಿ ಎಂಬ ಆ ಮದ್ದನ್ನೇ.

ಶಿರಸಿ ಕಡೆಯ ನಮ್ಮ ಆಯಿ ಆರು ಬಸುರಿನಲ್ಲೂ ಎಲೆಯಡಿಕೆಯ ಕವಳ ಬಿಟ್ಟವಳಲ್ಲ. ತಂಬಾಕು ತುಸು ಜಾಸ್ತಿಯೇ. ಬಸುರಿ ತಂಬಾಕು ತಿಂದರೆ ಮಗುವಿನ ತೂಕ ಇಳಿಯುತ್ತದೆ. ನಾನು ಬೆಕ್ಕಿನ ಮರಿಯಷ್ಟಿದ್ದೆನಂತೆ. ನನ್ನನ್ನು ಆಯಿಯಿಂದ ಕಿತ್ತುಕೊಳ್ಳಿ ಎಂದು ಯಾರೂ ಪತ್ರ ಬರೆಯಲಿಲ್ಲ. ಕವಳಕ್ಕೆ ನಮ್ಮಲ್ಲಿ ಮರ್ಯಾದೆ ಇದೆ, ಮಾತ್ರೆಗೆ ಇಲ್ಲ.

ಹೆದರಿಸಿದರೆ ಹೆಂಗಸರು ಬಚ್ಚಿಡುತ್ತಾರೆ. ಇಲ್ಲವೇ ಒಮ್ಮೆಲೇ ಮಾತ್ರೆ ಬಿಡುತ್ತಾರೆ, ಬಸುರಿನಲ್ಲಿ ಅದು ಇನ್ನೂ ಅಪಾಯ. ತಾನಾಗಿ ಚಿಕಿತ್ಸೆಗೆ ಬಂದ ವ್ಯಸನಿಗೆ ಸಣ್ಣ ಪ್ರಮಾಣದ ಮಾಲಿನ ಕೇಸಿನಿಂದ ರಕ್ಷಣೆ ಕೊಡುವ 64ಎ ಕಲಮು ನಮ್ಮ 1985ರ ಮಾದಕವಸ್ತು ಕಾಯ್ದೆಯಲ್ಲೇ ಇದೆ. ಕಾಯ್ದೆಗಿರುವ ಕರುಣೆ ಕೇರಿಗೆ ಬೇಡವೇ? ಅಂದಹಾಗೆ, ನಿಮ್ಮ ಎರಡು ಪುಟದಲ್ಲಿ ಮಗುವಿನ ಅಪ್ಪನಿಗೆ ಒಂದು ಸಾಲೂ ಸಿಕ್ಕಿಲ್ಲ.

ಇನ್ನು ನಮ್ಮ ಜಿಲ್ಲೆಯ ಪಾಡು. ಎಳೆಗೂಸಿಗೆ ಜಾಸ್ತಿಯಾದರೆ ಕರಾವಳಿಯವರು ಮಣಿಪಾಲಕ್ಕೋ ಗೋವಾಕ್ಕೋ ಓಡಬೇಕು, ಘಟ್ಟದ ಮೇಲಿನವರು ಹುಬ್ಬಳ್ಳಿಗೆ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೇಳಿ ಕೇಳಿ ಗಂಟಲು ಒಣಗಿತು. ಮಗು ಒಂದೂರಲ್ಲಿ, ಹಸಿ ಬಾಣಂತಿ ಇನ್ನೊಂದೂರಲ್ಲಿ. ಕಿತ್ತುಕೊಳ್ಳುವ ಕೆಲಸವನ್ನು ರಸ್ತೆಯೇ ಮಾಡುತ್ತಿದೆ, ಸರ್ಕಾರ ಬೇರೆ ಯಾಕೆ?

ಆಶಾ ಕಾರ್ಯಕರ್ತೆಯನ್ನು ಕರೆದುಕೊಂಡು ಒಮ್ಮೆ ಆ ಮನೆಗೆ ಹೋಗಿ ಬನ್ನಿ. ಚಟ ಬಿಡಿಸುವ ಸರ್ಕಾರಿ ಸಹಾಯವಾಣಿ 14446, ಬರೆದು ಕೊಡಿ. ಹುಡುಗಿಯ ತಾಯಿ ನಿದ್ದೆಗೆಟ್ಟು ಎಷ್ಟು ದಿನವಾಯಿತೋ. ಎರಡು ತಾಸು ಆ ಮಗುವನ್ನು ನೀವೇ ಎತ್ತಿಕೊಳ್ಳಿ. ಮುಂದಿನ ಪತ್ರದಲ್ಲಿ ಅದರ ತೂಕ ಬರೆಯಿರಿ.